ಅರಮನೆಯ ಅಡಿಗಲ್ಲು ಹೇಳುವ ಪಾಠ

'ಅರಮನೆ' ಎಂಬುದು ಅಚ್ಚಗನ್ನಡದ ಶಬ್ದ. ಅರಸು, ಮನೆ ಎಂಬ ಎರಡು ಪದಗಳು ಸಮಾಸಗೊಂಡಾಗ ಪೂರ್ವಪದದ ಕಡೆಯ ಅಕ್ಷರ ಲೋಪವಾಗಿ ಈ ರೂಪ ಸಿದ್ಧಿಸಿದೆ. ಅರಸನಿರುವವರೆಗೆ ಅದು ಅರಮನೆ. ಅರಸನಿಲ್ಲವಾದರೆ ಬರಿಯ ಮನೆ. ಮನೆಯೂ ಬಿದ್ದುಹೋದರೆ ಉಳಿಯುವುದು ನೆಲ ಮಾತ್ರ. ಸಂಸ್ಕೃತದಲ್ಲಿ ಇದಕ್ಕೆ 'ಪ್ರಾಸಾದ'ವೆಂಬ ಹೆಸರುಂಟು. ದೇವತೆಗಳ ಆಲಯಕ್ಕೂ ಅರಸರ ಆಲಯಕ್ಕೂ ಸಲ್ಲುವ ಶಬ್ದವಿದೆಂದು ಅಮರಸಿಂಹನು ತನ್ನ ಕೋಶದಲ್ಲಿ ಹೇಳಿದ್ದಾನೆ. 'ಸೌಧ'ವೆಂಬ ಮತ್ತೊಂದು ಹೆಸರು 'ಸುಧಾ' ಶಬ್ದದಿಂದ ಬಂದುದು. ಸುಧೆಯೆಂದರೆ ಇಲ್ಲಿ ಅಮೃತವಲ್ಲ, ಸುಣ್ಣ. ಸುಣ್ಣದ ಗಾರೆಯಿಂದ ಬೆಳ್ಳಗೆ ಬೆಳಗುವ ಮನೆಯೇ ಸೌಧ.

ಹೆಸರಿನಲ್ಲಿ ಒಂದಾದ ಈ ಎರಡು ಬಗೆಯ ಪ್ರಾಸಾದಗಳು ಕಾಲದ ಕೈಯಲ್ಲಿ ಒಂದೇ ಗತಿಯನ್ನು ಪಡೆಯಲಿಲ್ಲ. ಕನ್ನಡನಾಡಿನಲ್ಲಿ ಸಾವಿರ ವರ್ಷಗಳಿಗೂ ಹಿಂದಿನ ದೇವಾಲಯಗಳು ಇಂದಿಗೂ ತಲೆಯೆತ್ತಿ ನಿಂತಿವೆ. ಆದರೆ ಅವನ್ನು ಕಟ್ಟಿಸಿದ ಅರಸರು ವಾಸವಾಗಿದ್ದ ಮನೆಗಳೆಲ್ಲಿ? ಕದಂಬರ ಬನವಾಸಿಯಲ್ಲಿ, ಚಾಲುಕ್ಯರ ಬಾದಾಮಿಯಲ್ಲಿ, ಹೊಯ್ಸಳರ ದೋರಸಮುದ್ರದಲ್ಲಿ, ಆಳುಪರ ಬಾರಕೂರಿನಲ್ಲಿ ಗುಡಿ ಬಸದಿಗಳನ್ನು ಕಾಣಬಹುದಲ್ಲದೆ ನಿಂತ ಅರಮನೆಯನ್ನು ಕಾಣಲಾಗದು. ಉಡುಪಿಯ ಕಡಿಯಾಳಿಯಂಥ ಊರಿನಿಂದ ಪ್ರವಾಸ ಹೊರಡುವ ಶಾಲಾಮಕ್ಕಳು ಘಟ್ಟವನ್ನೇರಿ ನಗರದ ಕೋಟೆಗೋ ಕವಲೇದುರ್ಗಕ್ಕೋ ಹೋದಾಗ ಮೊದಲು ಕೇಳುವ ಪ್ರಶ್ನೆ "ಅರಮನೆ ಎಲ್ಲಿದೆ?" ಎಂಬುದೇ. ಕೈತೋರಿಸಿದ ಕಡೆ ಮೊಣಕಾಲೆತ್ತರದ ಕಲ್ಲುಕಟ್ಟು, ಹುಲ್ಲು, ಹಾವಸೆ. ಮಕ್ಕಳ ಮುಖ ಬಾಡುತ್ತದೆ. ಆ ಪ್ರಶ್ನೆಗೆ ಉತ್ತರವಿಲ್ಲವೆಂದಲ್ಲ. ಉತ್ತರವು ನೆಲದಲ್ಲಿದೆ, ಮತ್ತು ಅದನ್ನು ಓದಿಸುವ ಹೊಣೆ ಅಧ್ಯಾಪಕರದು. ಅದನ್ನು ಓದುವ ಬಗೆಯನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ರೋಮಿನ ಬೆಟ್ಟ, ಅರಮನೆಯ ಹೆಸರು

ಅರಮನೆಯ ಅವಶೇಷವೆಂದೊಡನೆ ಲೋಕವು ನೆನೆಯುವುದು ರೋಮ್ ನಗರವನ್ನು. ಅಲ್ಲಿಯ ಏಳು ಬೆಟ್ಟಗಳಲ್ಲಿ ಪ್ಯಾಲಟೈನ್ ಎಂಬುದೊಂದು. ಆಗಸ್ಟಸ್ ಚಕ್ರವರ್ತಿ ಆ ಬೆಟ್ಟದ ಮೇಲೆ ವಾಸವಾಗಿದ್ದನು. ಅವನ ಅನಂತರದ ಚಕ್ರವರ್ತಿಗಳು ಒಬ್ಬರ ಮನೆಗೆ ತಗುಲಿ ಮತ್ತೊಬ್ಬರು ಮನೆ ಕಟ್ಟುತ್ತ ಬೆಟ್ಟವನ್ನೇ ಅರಮನೆಯಾಗಿ ಮಾಡಿದರು. ಕ್ರಿ.ಶ. 64ರ ಮಹಾದಹನದ ಬಳಿಕ ನೀರೋ ಚಕ್ರವರ್ತಿಯು 'ಸುವರ್ಣ ಗೃಹ'ವೆಂಬ ವಿಶಾಲವಾದ ಅರಮನೆಯನ್ನು ಕಟ್ಟಿಸಿದನು. ಡೊಮಿಷಿಯನ್ ಚಕ್ರವರ್ತಿಗಾಗಿ ರಬೀರಿಯಸ್ ಎಂಬ ಶಿಲ್ಪಿ ಕಟ್ಟಿದ ಅರಮನೆ ಕ್ರಿ.ಶ. 92ರಲ್ಲಿ ಪೂರ್ತಿಗೊಂಡಿತು. ಆ ಬೆಟ್ಟದ ಲ್ಯಾಟಿನ್ ಹೆಸರು 'ಪಲಾಟಿಯಂ'. ಇಂಗ್ಲಿಷಿನ 'ಪ್ಯಾಲೇಸ್' ಮೊದಲಾಗಿ ಯುರೋಪಿನ ಹಲವು ಭಾಷೆಗಳಲ್ಲಿ ಅರಮನೆಗೆ ಇರುವ ಹೆಸರುಗಳು ಹುಟ್ಟಿದ್ದು ಅದರಿಂದಲೇ. ಕಟ್ಟಡವು ಪಾಳಾಯಿತು, ಬೆಟ್ಟದ ಹೆಸರು ಮಾತ್ರ ಲೋಕದ ಎಲ್ಲ ಅರಮನೆಗಳಿಗೂ ಅಂಟಿಕೊಂಡಿತು.

ಪ್ಯಾಲಟೈನ್ ಬೆಟ್ಟದ ಮೇಲೆ ಇಂದಿಗೂ ಎತ್ತರವಾದ ಗೋಡೆಗಳೂ ಕಮಾನುಗಳೂ ನಿಂತಿವೆ. ಎರಡು ಸಾವಿರ ವರ್ಷಗಳ ತರುವಾಯವೂ ಅವು ನಿಂತುದಕ್ಕೆ ಕಾರಣ ಸ್ಪಷ್ಟ. ರೋಮನ್ನರು ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿಮಣ್ಣನ್ನೂ ಕಲ್ಲುಚೂರುಗಳನ್ನೂ ಬೆರೆಸಿ ಒಂದು ಬಗೆಯ ಕಾಂಕ್ರೀಟನ್ನು ಮಾಡುತ್ತಿದ್ದರು; ಅದರ ಹೊರಮೈಗೆ ಸುಟ್ಟ ಇಟ್ಟಿಗೆಯನ್ನು ಜೋಡಿಸುತ್ತಿದ್ದರು; ಇಟ್ಟಿಗೆಯ ಮೇಲೆ ಅಮೃತಶಿಲೆಯ ಹಲಗೆಗಳನ್ನು ಹೊದಿಸುತ್ತಿದ್ದರು. ಹೊದಿಕೆಯು ಹೋಯಿತು, ಒಡಲು ಉಳಿಯಿತು. ಹೊದಿಕೆ ಹೋದ ಬಗೆಯೂ ವಿಚಾರಾರ್ಹವಾದುದು. ಮುಂದಿನ ಶತಮಾನಗಳಲ್ಲಿ ಜನರು ಆ ಅಮೃತಶಿಲೆಯನ್ನು ಕಿತ್ತು ಹೊಸ ಕಟ್ಟಡಗಳಿಗೆ ಬಳಸಿದರು. ಮಿಕ್ಕುದನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡಿದರು. ಸುಧೆಯಿಂದ ಆದ ಸೌಧವು ಮತ್ತೆ ಸುಧೆಯೇ ಆಯಿತು! ನೀರೋವಿನ ಸುವರ್ಣ ಗೃಹದ ಒಂದು ಭಾಗವನ್ನು ಟ್ರೇಜನ್ ಚಕ್ರವರ್ತಿಯು ಮಣ್ಣು ತುಂಬಿಸಿ ಮುಚ್ಚಿ ಅದರ ಮೇಲೆ ಸ್ನಾನಗೃಹಗಳನ್ನು ಎಬ್ಬಿಸಿದನು. ಹದಿನೈದನೆಯ ಶತಮಾನದ ಕೊನೆಯಲ್ಲಿ ಚಿತ್ರಕಾರರು ಹಗ್ಗ ಹಿಡಿದು ಆ ಕತ್ತಲೆಗೆ ಇಳಿದು, ದೀಪದ ಬೆಳಕಿನಲ್ಲಿ ಗೋಡೆಯ ಚಿತ್ರಗಳನ್ನು ಕಂಡು ಬೆರಗಾದರು. ಮುಚ್ಚಿಹೋದುದೇ ಉಳಿಯಿತೆಂಬುದು ಇಲ್ಲಿಯ ವಿಚಿತ್ರ.

ಇನ್ನು ಅರಮನೆಯು ಪಾಳಾಗದೆ ಊರೇ ಆದ ನಿದರ್ಶನವೂ ಒಂದುಂಟು. ಡಯಕ್ಲೀಷಿಯನ್ ಚಕ್ರವರ್ತಿಯು ಕ್ರಿ.ಶ. 305ರಲ್ಲಿ ಪದವಿಯನ್ನು ತ್ಯಜಿಸಿ, ಇಂದಿನ ಕ್ರೊಯೇಷಿಯಾ ದೇಶದ ಸ್ಪ್ಲಿಟ್ ಎಂಬ ಕಡಲತೀರದ ಊರಿನಲ್ಲಿ ತಾನು ಕಟ್ಟಿಸಿದ್ದ ಅರಮನೆಗೆ ಹೋಗಿ ನೆಲಸಿದನು. ಏಳನೆಯ ಶತಮಾನದಲ್ಲಿ ಹಗೆಗಳ ದಾಳಿಗೆ ಹೆದರಿದ ನೆರೆಯೂರಿನ ಜನ ಅದರೊಳಗೆ ಆಶ್ರಯ ಪಡೆದರು. ಇಂದಿಗೂ ಆ ಗೋಡೆಗಳ ನಡುವೆ ಮನೆಗಳಿವೆ, ಅಂಗಡಿಗಳಿವೆ. ಒಬ್ಬನ ಮನೆಯು ಹಲವರ ಮನೆಯಾದುದರಿಂದಲೇ ಅದು ಬದುಕಿತು.

ಕಲ್ಲು ದೇವರಿಗೆ, ಮರ ಅರಸನಿಗೆ

ಕನ್ನಡನಾಡಿನ ಪದ್ಧತಿ ಬೇರೆ. ಇಲ್ಲಿ ಗರ್ಭಗೃಹ ನವರಂಗಗಳಿಗೆ ಕಲ್ಲನ್ನು ಬಳಸಿದ ಅರಸರು ತಮ್ಮ ವಾಸಕ್ಕೆ ಬಹುಮಟ್ಟಿಗೆ ಮರ, ಮಣ್ಣು, ಇಟ್ಟಿಗೆ, ಗಾರೆ, ಹೆಂಚುಗಳನ್ನು ಆಶ್ರಯಿಸಿದರು. ಇದು ಬಡತನದ ಲಕ್ಷಣವಲ್ಲ. ಬಿಸಿಲಿಗೂ ಮಳೆಗೂ ಮರದ ಮನೆ ಹಿತ. ಬೇಕೆಂದಾಗ ಬದಲಾಯಿಸಲು ಸುಲಭ. ಕೆತ್ತನೆಗೂ ಚಿನ್ನದ ಲೇಪಕ್ಕೂ ಒದಗುವಂಥದು. ಆದರೆ ಅದಕ್ಕೆ ಮೂರು ಶತ್ರುಗಳು: ಬೆಂಕಿ, ಗೆದ್ದಲು, ಮಳೆ. ರೋಮಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರು. ಆಗುಂಬೆಯ ಸೀಮೆಯಲ್ಲಿ ಬೀಳುವುದು 7000 ಮಿಲಿಮೀಟರಿಗೂ ಮಿಗಿಲು. ಹೆಂಚು ಸರಿದ ಮಾಡಿನ ಕೆಳಗಣ ಮಣ್ಣಿನ ಗೋಡೆಯು ಅಂಥ ಮಳೆಗಾಲಗಳನ್ನು ಎಷ್ಟೆಂದು ತಾಳೀತು?

ವಿಜಯನಗರದ ಮಹಾನವಮಿ ದಿಬ್ಬವನ್ನು ನೋಡಿದವರಿಗೆ ಈ ಮಾತಿನ ಅರ್ಥ ಬೇಗ ಹೊಳೆದೀತು. ಅಂತಸ್ತು ಅಂತಸ್ತಾಗಿ ಏರಿದ ಆ ಕಲ್ಲಿನ ಜಗತಿಯ ಪಕ್ಕಗಳಲ್ಲಿ ಆನೆ, ಕುದುರೆ, ಒಂಟೆ, ಬೇಟೆ, ನರ್ತನ ಇವುಗಳ ಸಾಲುಗಳಿವೆ. ಮೇಲೆ ಏರಿದರೆ ಬರಿಯ ಬಯಲು. ಆ ಬಯಲಿನಲ್ಲಿ ಒಮ್ಮೆ ಮರದ ಮಂಟಪವಿದ್ದಿತೆಂದು ವಿದ್ವಾಂಸರು ಊಹಿಸಿದ್ದಾರೆ. 1565ರ ಯುದ್ಧದ ತರುವಾಯ ಪಟ್ಟಣವು ಸೂರೆಗೊಂಡು ಸುಟ್ಟಾಗ ಮರವೆಲ್ಲ ಬೂದಿಯಾಯಿತು, ಕಲ್ಲಿನ ಪೀಠ ಉಳಿಯಿತು. ಸಮೀಪದ ನೂರು ಕಂಬದ ಸಭಾಮಂಟಪದಲ್ಲಿಯೂ ಕಾಣುವುದು ಕಂಬಗಳನ್ನು ನಿಲ್ಲಿಸಿದ ನೆಲೆಗಳೇ ಹೊರತು ಕಂಬಗಳಲ್ಲ. 1970ರ ದಶಕದ ನಡುವಿನಿಂದ ಅಲ್ಲಿ ನಡೆದ ವ್ಯವಸ್ಥಿತ ಉತ್ಖನನಗಳಲ್ಲಿ ಹೊರಬಂದ ಅರಮನೆಗಳೂ ಅಧಿಷ್ಠಾನಮಾತ್ರವಾದವು.

ರೋಮಿನವನೊಬ್ಬ ಇಕ್ಕೇರಿಗೆ ಬಂದುದು

ವಿಜಯನಗರದ ಸಾಮಂತರಾಗಿದ್ದು ಮುಂದೆ ಸ್ವತಂತ್ರರಾದವರಲ್ಲಿ ಕೆಳದಿಯ ನಾಯಕರು ಪ್ರಮುಖರು. ಚೌಡಪ್ಪ ನಾಯಕನಿಂದ ಮೊದಲ್ಗೊಂಡು 1763ರವರೆಗೆ ಎರಡೂವರೆ ಶತಮಾನಗಳಿಗೂ ಮಿಕ್ಕು ಬಾಳಿದ ಈ ವೀರಶೈವ ರಾಜಮನೆತನವು ಮಲೆನಾಡನ್ನೂ ಕರಾವಳಿಯ ಬಹುಭಾಗವನ್ನೂ ಆಳಿತು. ಉಡುಪಿಯವರಿಗೆ ಈ ಮಾತಿಗೆ ಸಾಕ್ಷಿ ದೂರದಲ್ಲಿಲ್ಲ. ಮಲ್ಪೆಯ ಕಡಲಿನಲ್ಲಿ ದರಿಯಾ ಬಹಾದ್ದೂರ್ ಗಡವೆಂಬ ದ್ವೀಪದ ಕೋಟೆಯನ್ನು ಕಟ್ಟಿಸಿದವನು ಇದೇ ವಂಶದ ಬಸವಪ್ಪ ನಾಯಕನೆಂದು ಪ್ರತೀತಿ. ರಾಜಧಾನಿಯು ಮೊದಲು ಕೆಳದಿ, ಅನಂತರ ಇಕ್ಕೇರಿ, 1640ರ ಸುಮಾರಿಗೆ ಬಿದನೂರು. ಇಂದು ನಗರವೆಂದು ಕರೆಯುವುದು ಆ ಬಿದನೂರನ್ನೇ.

ಇಕ್ಕೇರಿಯ ಅರಮನೆಯು ನಿಂತಿದ್ದಾಗ ಅದನ್ನು ಕಣ್ಣಾರೆ ಕಂಡು ಬರೆದವನೊಬ್ಬನುಂಟು. ಅವನ ಹೆಸರು ಪಿಯೆತ್ರೊ ದೆಲ್ಲಾ ವಾಲೆ. ಹುಟ್ಟಿದ್ದು 1586ರಲ್ಲಿ, ರೋಮ್ ನಗರದಲ್ಲಿಯೇ. ಪ್ಯಾಲಟೈನ್ ಬೆಟ್ಟದ ಹಾಳು ಗೋಡೆಗಳ ನಡುವೆ ಧನಿಕರು ಉದ್ಯಾನಗಳನ್ನು ಬೆಳೆಸಿದ್ದ ಕಾಲವದು. ಚಕ್ರವರ್ತಿಗಳ ಮನೆಗಳು ಪಾಳಾಗಿರುವುದನ್ನು ನೋಡುತ್ತ ಬೆಳೆದ ಊರಿನವನು, ಜೀವಂತವಾದ ಒಂದು ಕನ್ನಡ ಅರಮನೆಯ ಬಾಗಿಲಿಗೆ ಬಂದು ನಿಂತನು. 1614ರಲ್ಲಿ ಯಾತ್ರೆ ಹೊರಟು ತುರ್ಕಿ, ಈಜಿಪ್ಟ್, ಪರ್ಶಿಯಾ ದೇಶಗಳನ್ನು ಸುತ್ತಿ, ದಾರಿಯಲ್ಲಿ ವರಿಸಿದ ಮಡದಿಯನ್ನು ದಾರಿಯಲ್ಲಿಯೇ ಕಳೆದುಕೊಂಡು, ಆಕೆಯ ಕಳೇಬರವನ್ನು ಸ್ವದೇಶದಲ್ಲಿ ಹೂಳಬೇಕೆಂದು ಪೆಟ್ಟಿಗೆಯಲ್ಲಿ ಕಾಪಿಟ್ಟುಕೊಂಡು ತಿರುಗುತ್ತಿದ್ದ ವಿಲಕ್ಷಣ ಪುರುಷನಾತ. 1623ರಲ್ಲಿ ಭಾರತಕ್ಕೆ ಬಂದು, ಅದೇ ವರ್ಷದ ನವೆಂಬರಿನಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಯನ್ನು ಸೇರಿದನು. ಆಗ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಮರಳುವಾಗ ಘಟ್ಟವನ್ನಿಳಿದು ಬಸರೂರಿಗೂ ಅಲ್ಲಿಂದ ಮಂಗಳೂರಿಗೂ ಹೋದನು.

ಅವನು ನೇಪಲ್ಸಿನ ಗೆಳೆಯನಿಗೆ ಬರೆದ ಓಲೆಗಳಲ್ಲಿ ಇಕ್ಕೇರಿಯ ಕೋಟೆ, ಅರಮನೆಯ ಸಂದರ್ಶನ, ಅಘೋರೇಶ್ವರನ ಗುಡಿ, ಸಂಜೆಯ ಹೊತ್ತು ಕೋಲು ಹೊಯ್ಯುತ್ತ ಕುಣಿಯುವ ಹೆಣ್ಣುಮಕ್ಕಳ ಮೇಳ ಇವೆಲ್ಲವೂ ಬಂದಿವೆ. ಓಲೆಗಳ ಭಾರತಭಾಗವು 1663ರಲ್ಲಿ ಅಚ್ಚಾಯಿತು. ಎರಡೇ ವರ್ಷಗಳಲ್ಲಿ ಇಂಗ್ಲಿಷಿಗೂ ಬಂದಿತು. ವೆಂಕಟಪ್ಪ ನಾಯಕನು ಹಿಂದೆ ವಿಜಯನಗರದ ಅರಸರ ಅಧೀನನಾಗಿದ್ದವನೆಂಬುದನ್ನು ಅವನು ಎತ್ತಿ ಆಡಿದ್ದಾನೆ. ತನ್ನ ಊರಿನ ಭಾರಿ ಗೋಡೆಗಳನ್ನು ನೋಡಿದ ಕಣ್ಣಿಗೆ ಇಕ್ಕೇರಿ ಅಷ್ಟೇನೂ ದೊಡ್ಡದಾಗಿ ಕಂಡಿರಲಾರದು. ಆದರೆ ಕಂಡುದನ್ನು ಕಂಡಂತೆ ಬರೆದಿಡುವ ಗುಣ ಅವನಲ್ಲಿದ್ದುದರಿಂದ ನಾಲ್ಕು ಶತಮಾನಗಳ ಆಚೆಯ ಇಕ್ಕೇರಿಯು ನಮಗೆ ದೊರಕಿದೆ.

ಆ ಅರಮನೆ ಏನಾಯಿತು? ಮೈಸೂರು ಸೀಮೆಯ ಗೆಜೆಟಿಯರು ಇಕ್ಕೇರಿಯನ್ನು ಕುರಿತು ಹೇಳುವ ಮಾತು ಇಷ್ಟೇ: ಪಟ್ಟಣಕ್ಕೆ ಮೂರು ಸುತ್ತಿನ ವಿಸ್ತಾರವಾದ ಗೋಡೆಗಳಿದ್ದವು, ಒಳಗೋಟೆಯಲ್ಲಿ ಮಣ್ಣು ಮತ್ತು ಮರದಿಂದ ಕಟ್ಟಿ, ಕೆತ್ತನೆಯಿಂದಲೂ ಚಿನ್ನದ ಲೇಪದಿಂದಲೂ ಅಲಂಕರಿಸಿದ ಅರಮನೆಯಿದ್ದಿತು, ಈಗ ಉಳಿದಿರುವುದು ಅಘೋರೇಶ್ವರ ದೇವಾಲಯ ಮಾತ್ರ. ಆ ದೇವಾಲಯದ ನೆಲದಲ್ಲಿ, ದೇವರ ಎದುರಿಗೆ, ಕೆಳದಿಯ ಮೂವರು ನಾಯಕರ ಆಕೃತಿಗಳನ್ನು ನಮಸ್ಕರಿಸುವ ಭಂಗಿಯಲ್ಲಿ ಕೊರೆದಿದ್ದಾರೆ. ಅವರಲ್ಲೊಬ್ಬನಿಗೆ ಕೈಕಾಲುಗಳಲ್ಲಿ ಸಂಕೋಲೆ. ಅರಸರು ಕುಳಿತು ಆಳಿದ ಹಜಾರದ ಒಂದು ಕಂಬವೂ ಉಳಿಯಲಿಲ್ಲ. ಅವರು ಬಾಗಿದ ನೆಲ ಉಳಿಯಿತು. ಅರಮನೆಯ ಮರಗೆಲಸ ಹೇಗಿದ್ದೀತೆಂದು ಊಹಿಸಬೇಕೆನ್ನುವವರು ಕೆಳದಿಯ ದೇವಾಲಯ ಸಮುಚ್ಚಯದಲ್ಲಿ ಪಾರ್ವತಿಯ ಗುಡಿಯ ಮರದ ಮುಚ್ಚಿಗೆಯನ್ನು ನೋಡಬೇಕು. ದೇವಿಯ ಆಶ್ರಯದಲ್ಲಿದ್ದುದರಿಂದ ಆ ಮರವು ಉಳಿಯಿತೆನ್ನಬೇಕು.

ಬಿದನೂರಿನ ಬೆಂಕಿ

ಬಿದನೂರಿನ ಕಥೆಯು ಇನ್ನೂ ಕಠಿಣವಾದುದು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಕಾಲದಲ್ಲಿ ಬಿದನೂರು ಏಳಿಗೆಯ ತುದಿಯನ್ನು ಮುಟ್ಟಿತು. ಅವನ 'ಶಿಸ್ತು' ಎಂಬ ಭೂಕಂದಾಯದ ಏರ್ಪಾಡು ಇಂದಿಗೂ ಮಲೆನಾಡಿನ ಮಾತಿನಲ್ಲಿದೆ. 1763ರಲ್ಲಿ ಹೈದರಾಲಿಯು ದಂಡೆತ್ತಿ ಬಂದಾಗ ರಾಣಿ ವೀರಮ್ಮಾಜಿಯು ಬಲ್ಲಾಳರಾಯನ ದುರ್ಗಕ್ಕೆ ತೆರಳಿದಳು. ಅರಮನೆಯು ಶತ್ರುವಿನ ವಶವಾಗದಿರಲೆಂದು ಆಕೆಯ ಆಜ್ಞೆಯಂತೆ ಪರಿವಾರದವರು ಅದಕ್ಕೆ ಬೆಂಕಿಯಿಟ್ಟರೆಂದೂ, ಹೈದರನು ಬಂದವನೇ ಆ ಬೆಂಕಿಯನ್ನು ಆರಿಸಿದನೆಂದೂ ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಊರಿಗೆ ಹೈದರನಗರವೆಂದು ಹೆಸರಾಯಿತು. 1783ರಲ್ಲಿ ಜನರಲ್ ಮ್ಯಾಥ್ಯೂಸನ ನಾಯಕತ್ವದ ಇಂಗ್ಲಿಷ್ ಸೈನ್ಯವು ನಗರವನ್ನು ಹಿಡಿಯಿತು. ಅದೇ ವರ್ಷ ಟಿಪ್ಪು ಸುಲ್ತಾನನು ಮುತ್ತಿಗೆ ಹಾಕಿ ಅದನ್ನು ಮರಳಿ ಪಡೆದನು. ಈ ಕಾಳಗಗಳಲ್ಲಿ ಊರಿನ ಬಹು ಮನೆಗಳೂ ಅರಮನೆಯೂ ಬೆಂಕಿಗೆ ತುತ್ತಾದವು. ಇಪ್ಪತ್ತು ವರ್ಷಗಳಲ್ಲಿ ಎರಡು ಬಾರಿ ಬೆಂಕಿ ಕಂಡ ಮರದ ಮನೆಯಲ್ಲಿ ಉಳಿಯುವುದೇನು?

ಉಳಿದಿರುವುದು ಕೋಟೆಯ ಗೋಡೆ, ಕಂದಕ, ಒಳಗಿನ ಅಕ್ಕತಂಗಿಯರ ಕೊಳ, ಅರಮನೆಯ ಅಡಿಪಾಯ. ಊರಿನಿಂದ ಕೊಂಚ ದೂರದಲ್ಲಿ ದೇವಗಂಗೆಯ ಕೊಳಗಳಿವೆ. ಗುಡ್ಡದಿಂದ ಇಳಿದುಬರುವ ನೀರನ್ನು ಕಲ್ಲು ಕಟ್ಟಿದ ಕೊಳದಿಂದ ಕೊಳಕ್ಕೆ ಹಾಯಿಸಿರುವ ಅಲ್ಲಿಯ ಜಾಣ್ಮೆ ನೋಡತಕ್ಕದ್ದು. ಬೆಂಕಿಯು ನೀರಿನ ಮನೆಯನ್ನು ಸುಡಲಾರದಷ್ಟೆ! ರೋಮಿನ ಅರಮನೆಗೂ ಇದೇ ಮಾತು ಸಲ್ಲುತ್ತದೆ. ಬೆಟ್ಟದ ಮೇಲಿನ ಅರಮನೆಗೆ ನೀರನ್ನು ತಂದ ಮೇಲ್ಗಾಲುವೆಯ ಕಮಾನುಗಳು, ಆ ನೀರನ್ನು ಕುಡಿದವರೆಲ್ಲ ಹೋದಮೇಲೂ ನಿಂತಿವೆ.

ಕವಲೇದುರ್ಗದ ನೆಲವನ್ನು ಓದುವ ಬಗೆ

ಕೆಳದಿಯವರ ಅರಮನೆಯೊಂದರ ವಿನ್ಯಾಸವನ್ನು ಚೆನ್ನಾಗಿ ತಿಳಿಯಬೇಕಾದರೆ ತೀರ್ಥಹಳ್ಳಿಯ ಸೀಮೆಯ ಕವಲೇದುರ್ಗಕ್ಕೆ ಹೋಗಬೇಕು. ಭುವನಗಿರಿ ದುರ್ಗವೆಂಬುದು ಅದರ ಮತ್ತೊಂದು ಹೆಸರು. ಕಡಿಯಾಳಿಯಿಂದ ಹೆಬ್ರಿ, ಆಗುಂಬೆಗಳ ಮಾರ್ಗವಾಗಿ ಘಟ್ಟವನ್ನೇರಿದವರು ಅತ್ತ ಹೋಗಬಹುದು. ಸುತ್ತು ಸುತ್ತಾದ ಗೋಡೆಗಳನ್ನೂ ಬಾಗಿಲುಗಳನ್ನೂ ದಾಟಿ, ಕಾಶೀವಿಶ್ವನಾಥನ ಗುಡಿಯನ್ನು ಹಾದು ನಡೆದರೆ, ಉತ್ಖನನದಿಂದ ಬೆಳಕಿಗೆ ಬಂದ ಅರಮನೆಯ ನೆಲೆ ಕಾಣುತ್ತದೆ. ಗೋಡೆಯಿಲ್ಲ, ಮಾಡಿಲ್ಲ, ಆದರೂ ಇಡೀ ಮನೆಯು ಅಲ್ಲಿಯೇ ಇದೆ. ಹಳಗನ್ನಡದ ಪದ್ಯವನ್ನು ಬಿಡಿಸಿ ಅನ್ವಯಿಸಿ ಓದುವಂತೆ ಅದನ್ನೂ ಬಿಡಿಸಿ ಓದಬೇಕು. ಅದಕ್ಕೆ ಅಧ್ಯಾಪಕರು ಮಕ್ಕಳಿಗೆ ಹೇಳಿಕೊಡಬಹುದಾದ ಐದು ಸೂತ್ರಗಳನ್ನು ಇಲ್ಲಿ ಸಂಗ್ರಹಿಸಿದೆ.

ಮೊದಲನೆಯದು ಜಗಲಿ. ನೆಲಗಟ್ಟಿನ ಎತ್ತರವು ಎಲ್ಲೆಡೆಯೂ ಒಂದೇ ಸಮನಾಗಿರುವುದಿಲ್ಲ. ಎತ್ತರವಾದ ಜಗಲಿಯ ಮೇಲೆ ಕುಳಿತವನು ದೊಡ್ಡವನು, ತಗ್ಗಿನ ಅಂಗಳದಲ್ಲಿ ನಿಂತವನು ಕಾಯುವವನು. ಮೆಟ್ಟಿಲನ್ನು ಎಲ್ಲಿ ಇಟ್ಟಿದ್ದಾರೆ, ಅದರ ಪಕ್ಕದ ಕಲ್ಲುಗಳಿಗೆ ಎಷ್ಟು ಕೆತ್ತನೆ ಮಾಡಿದ್ದಾರೆ ಎಂಬುದನ್ನು ನೋಡಿದರೆ ಅತಿಥಿಯು ಯಾವ ಕಡೆಯಿಂದ ಬರುತ್ತಿದ್ದನು, ಆಳು ಯಾವ ಕಡೆಯಿಂದ ಬರುತ್ತಿದ್ದನೆಂಬುದು ತಿಳಿಯುತ್ತದೆ.

ಎರಡನೆಯದು ಕಂಬದ ಪೀಠಗಲ್ಲು. ನೆಲಗಟ್ಟಿನ ಮೇಲೆ ಸಾಲಾಗಿ ಇಟ್ಟ ಚಚ್ಚೌಕದ ಕಲ್ಲುಗಳನ್ನು ಎಣಿಸಿದರೆ ಕಂಬಗಳ ಲೆಕ್ಕ ಸಿಗುತ್ತದೆ. ಅವುಗಳ ನಡುವಣ ಅಂತರವನ್ನು ಅಳೆದರೆ ತೊಲೆಗಳ ಉದ್ದ ಸಿಗುತ್ತದೆ. ಮರವನ್ನು ಕಾಣದೆ ಮರವನ್ನು ಅಳೆಯುವ ಈ ಗಣಿತವು ಮಕ್ಕಳಿಗೆ ಬಲು ಹರ್ಷವನ್ನು ಕೊಡುತ್ತದೆ.

ಮೂರನೆಯದು ನೀರು. ತಗ್ಗಾದ ಅಂಗಳದಲ್ಲಿ ಬಿದ್ದ ಮಳೆನೀರು ಯಾವ ಕಂಡಿಯಿಂದ ಹೊರಗೆ ಹೋಗುತ್ತಿತ್ತು, ಬಚ್ಚಲ ನೀರು ಯಾವ ಕಡೆಗೆ ಹರಿಯುತ್ತಿತ್ತು, ಕುಡಿಯುವ ನೀರಿನ ಕೊಳವು ಎತ್ತರದಲ್ಲಿದೆಯೋ ತಗ್ಗಿನಲ್ಲಿದೆಯೋ ಎಂಬುದನ್ನು ಕಲ್ಲಿನ ಕಾಲುವೆಗಳು ಹೇಳುತ್ತವೆ. ಮಳೆನಾಡಿನ ಮನೆಯ ಅರ್ಧ ವಿದ್ಯೆಯು ನೀರನ್ನು ಹೊರಗೆ ಹಾಕುವುದರಲ್ಲಿಯೇ ಇದೆ.

ನಾಲ್ಕನೆಯದು ಒಲೆ. ಕವಲೇದುರ್ಗದಲ್ಲಿ ಅಡುಗೆಯ ಮನೆಯನ್ನು ಕಲ್ಲಿನ ಒಲೆಯಿಂದ ಗುರುತಿಸಬಹುದು. ಸಿಂಹಾಸನವು ಸೂರೆಯಾಗುತ್ತದೆ, ಒಲೆಯ ಕಲ್ಲನ್ನು ಯಾರೂ ಸೂರೆಗೊಳ್ಳುವುದಿಲ್ಲ. ಅರಸನು ಯಾವ ಉಡುಗೆಯನ್ನು ತೊಡುತ್ತಿದ್ದನೆಂಬುದಕ್ಕಿಂತ ಅವನ ಮನೆಯಲ್ಲಿ ಎಷ್ಟು ಜನಕ್ಕೆ ಅನ್ನ ಬೇಯುತ್ತಿತ್ತೆಂಬುದು ರಾಜ್ಯದ ಸ್ಥಿತಿಯನ್ನು ಹೆಚ್ಚು ಚೆನ್ನಾಗಿ ತಿಳಿಸುತ್ತದೆ.

ಐದನೆಯದು ಮಾತು. ಸುತ್ತಣ ಹಳ್ಳಿಗಳ ಹೆಸರು, ಹೊಲಗದ್ದೆಗಳ ಹೆಸರು, ಕೊಳಗಳ ಕಥೆ ಇವನ್ನು ಊರಿನ ಹಿರಿಯರಿಂದ ಕೇಳಿ ಬರೆದುಕೊಳ್ಳಬೇಕು. ಅದರೊಡನೆ ಗ್ರಂಥಗಳ ಮಾತನ್ನೂ ಹೋಲಿಸಬೇಕು. ಬಸವಪ್ಪ ನಾಯಕನೇ ರಚಿಸಿದ 'ಶಿವತತ್ತ್ವರತ್ನಾಕರ'ವೆಂಬ ಸಂಸ್ಕೃತದ ವಿಶ್ವಕೋಶ, ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ವೆಂಬ ಕನ್ನಡ ಚಂಪು ಇವೆರಡೂ ಆ ಮನೆತನದ ಚರಿತ್ರೆಗೆ ಮುಖ್ಯ ಆಕರಗಳು. ಕಲ್ಲನ್ನು ಮಾತಿನಿಂದಲೂ ಮಾತನ್ನು ಕಲ್ಲಿನಿಂದಲೂ ಪರೀಕ್ಷಿಸುವುದೇ ಇತಿಹಾಸದ ಅಭ್ಯಾಸ.

ಉಳಿದುದು ಯಾವುದು?

ಇಷ್ಟನ್ನು ವಿಚಾರಿಸಿದಮೇಲೆ ಒಂದು ಸಂಗತಿ ಮನದಟ್ಟಾಗುತ್ತದೆ. ಸ್ಥಾವರವಾದುದು ಅಳಿಯುವುದು, ಜಂಗಮವಾದುದು ಉಳಿಯುವುದು ಎಂಬ ವಿವೇಕವನ್ನು ಹನ್ನೆರಡನೆಯ ಶತಮಾನದ ಶರಣರು ಕನ್ನಡಿಗರಿಗೆ ಕಲಿಸಿದರು. ಅರಮನೆಗಳ ಇತಿಹಾಸವು ಅದಕ್ಕೆ ಭಾಷ್ಯವನ್ನು ಬರೆದಂತಿದೆ. ಇಕ್ಕೇರಿಯ ಟಂಕಸಾಲೆಯು ಬಿದನೂರಿಗೆ ಹೋದಮೇಲೂ ಅಲ್ಲಿ ಹೊಡೆದ ಹೊನ್ನಿಗೆ 'ಇಕ್ಕೇರಿ ವರಹ'ವೆಂದೇ ಹೆಸರು ನಡೆಯಿತು. ಬಿದನೂರನ್ನು ಗೆದ್ದ ಹೈದರನು ತನ್ನ ವರಹದ ಒಂದು ಮುಖದಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಒತ್ತಿಸಿದನಾದರೂ, ಇನ್ನೊಂದು ಮುಖದಲ್ಲಿ ಶಿವಪಾರ್ವತಿಯರ ಹಳೆಯ ಮುದ್ರೆಯನ್ನೇ ಉಳಿಸಿಕೊಂಡನು. ಪೇಟೆಯಿಂದ ಪೇಟೆಗೆ ಕೈಬದಲಾಗುತ್ತ ನಡೆದ ನಾಣ್ಯವು ಅರಮನೆಗಿಂತ ಹೆಚ್ಚು ಬಾಳಿತು. ಪಲಾಟಿಯಂ ಪಾಳಾಗಿಯೂ ಅದರ ಹೆಸರು ಭಾಷೆಯಿಂದ ಭಾಷೆಗೆ ನಡೆದುದೂ ಹೀಗೆಯೇ.

ದೆಲ್ಲಾ ವಾಲೆಯ ಓಲೆಯಲ್ಲಿ ಇದಕ್ಕಿಂತಲೂ ಹೃದ್ಯವಾದ ನಿದರ್ಶನವೊಂದಿದೆ. ಇಕ್ಕೇರಿಗೆ ಹೋಗುವ ದಾರಿಯಲ್ಲಿ, ಘಟ್ಟದ ಮೇಲಣ ಒಂದು ಗುಡಿಯ ಮೊಗಸಾಲೆಯಲ್ಲಿ, ನಾಲ್ವರು ಎಳೆಯ ಹುಡುಗರು ಲೆಕ್ಕವನ್ನು ಕಲಿಯುತ್ತಿದ್ದುದನ್ನು ಅವನು ಕಂಡನು. ನೆಲದ ಮೇಲೆ ನಯವಾದ ಮರಳನ್ನು ಹರಡಿತ್ತು. ಒಬ್ಬನು ಪಾಠವನ್ನು ರಾಗವಾಗಿ ಹಾಡುತ್ತ ಬೆರಳಿನಿಂದ ಮರಳಿನ ಮೇಲೆ ಬರೆಯುವನು. ಉಳಿದವರೂ ಹಾಗೆಯೇ ಹಾಡುತ್ತ ಬರೆಯುವರು. ನೆಲವು ತುಂಬಿದೊಡನೆ ಅಳಿಸಿ ಮತ್ತೆ ಮರಳನ್ನು ಹರಡುವರು. ಗುರುವಿಲ್ಲದೆ ಮರೆತುದನ್ನು ತಿದ್ದುವವರಾರೆಂದು ಅವನು ಕೇಳಿದಾಗ, ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲವಾದ್ದರಿಂದ ಒಬ್ಬರನ್ನೊಬ್ಬರು ತಿದ್ದಿಕೊಳ್ಳುವೆವೆಂದು ಆ ಮಕ್ಕಳು ಹೇಳಿದರಂತೆ. ಈ ಕಲಿಕೆಯ ಕ್ರಮವು ಸುಲಭವೂ ಭದ್ರವೂ ಆದುದೆಂದು ಆ ಪರದೇಶಿಯು ಮೆಚ್ಚಿ ಬರೆದಿದ್ದಾನೆ.

ಮರಳಿನ ಮೇಲಣ ಬರಹಕ್ಕಿಂತ ನಶ್ವರವಾದುದು ಬೇರೊಂದುಂಟೆ? ಆ ಹೊತ್ತಿಗೆ ಇಕ್ಕೇರಿಯಲ್ಲಿ ಚಿನ್ನದ ಲೇಪದ ಕಂಬಗಳು ಹೊಳೆಯುತ್ತಿದ್ದವು. ಇಂದು ಆ ಕಂಬಗಳಿಲ್ಲ. ಮರಳಿನ ಮೇಲೆ ಬರೆದ ಆ ಲೆಕ್ಕವಾದರೋ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಹರಿದುಬಂದು, ಮಗ್ಗಿಯನ್ನು ರಾಗವಾಗಿ ಒಪ್ಪಿಸುವ ಮಕ್ಕಳ ಕೊರಳಿನಲ್ಲಿ ಇನ್ನೂ ಇದೆ. ವಿದ್ಯೆಗೆ ನೆಲೆಮಾಡಿಕೊಟ್ಟ ದಾನವು ಯಾವ ಬಗೆಯ ಕಟ್ಟಡಕ್ಕೆ ಸೇರುತ್ತದೆಂಬುದನ್ನು ದಾನಿಗಳಿಗೆ ಬೇರೆ ವಿವರಿಸಬೇಕಾಗಿಲ್ಲ.

ಹಾಗೆಂದು ಸ್ಥಾವರವನ್ನು ಕಡೆಗಣಿಸಬಹುದೆಂದಲ್ಲ. ಅಡಿಗಲ್ಲುಗಳು ಹೋದರೆ ಓದುವುದಕ್ಕೆ ಪುಟವೇ ಇಲ್ಲದಂತಾಗುತ್ತದೆ. ರೋಮಿನ ಅಮೃತಶಿಲೆಯು ಸುಣ್ಣದ ಗೂಡಿಗೆ ಹೋದಂತೆ, ಹಳೆಯ ಕೋಟೆಯ ಕಲ್ಲುಗಳು ಹಟ್ಟಿಯ ಗೋಡೆಗೂ ತೋಟದ ಬೇಲಿಗೂ ಹೋಗುವುದುಂಟು. ನಿಂತ ಗೋಪುರದಿಂದ ಕಲ್ಲನ್ನು ಕಿತ್ತರೆ ಊರೆಲ್ಲ ನೋಡುತ್ತದೆ. ನೆಲಮಟ್ಟದ ಪೀಠಗಲ್ಲನ್ನು ಹೊತ್ತೊಯ್ದರೆ ಯಾರಿಗೂ ತಿಳಿಯದು. ಒಂದು ಪೀಠಗಲ್ಲು ಹೋದರೆ ಒಂದು ಕಂಬದ ಲೆಕ್ಕ ತಪ್ಪುತ್ತದೆ. ನಾಲ್ಕು ಹೋದರೆ ಒಂದು ಕೋಣೆಯೇ ಮಾಯವಾಗುತ್ತದೆ. ಗುಪ್ತನಿಧಿಯ ಆಸೆಗೆ ನೆಲವನ್ನು ಅಗೆಯುವವರು ಇಡೀ ಪುಟವನ್ನೇ ಹರಿಯುತ್ತಾರೆ. ಇವಕ್ಕೆಲ್ಲ ಕಾವಲುಗಾರನೊಬ್ಬನು ಸಾಲನು. ಕಲ್ಲಿನ ಅರ್ಥವನ್ನು ಬಲ್ಲ ಕಣ್ಣುಗಳು ಊರೂರಿನಲ್ಲಿಯೂ ಇರಬೇಕು. ಅಂಥ ಕಣ್ಣುಗಳನ್ನು ತಯಾರಿಸುವ ಸ್ಥಳ ಶಾಲೆಯೇ.

ಆದುದರಿಂದ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು ಒಂದು ಅಳತೆಯ ದಾರ, ಒಂದು ಕಾಗದ, ಒಂದು ಸೀಸದ ಕಡ್ಡಿ ಇಷ್ಟನ್ನು ಪ್ರತಿಯೊಂದು ತಂಡಕ್ಕೂ ಕೊಡಬೇಕು. ನಾಲ್ವರು ಮಕ್ಕಳಿಗೆ ಒಂದು ತಂಡ ಸಾಕು. ಒಬ್ಬನು ಅಳೆಯಲಿ, ಒಬ್ಬಳು ಬರೆಯಲಿ, ಒಬ್ಬನು ಎಣಿಸಲಿ, ಒಬ್ಬಳು ತಿದ್ದಲಿ. ಕಲ್ಲನ್ನು ಮುಟ್ಟಬಹುದು, ಕದಲಿಸಕೂಡದು. ಹೆಸರನ್ನು ಕಾಗದದ ಮೇಲೆ ಬರೆಯಬೇಕು, ಗೋಡೆಯ ಮೇಲೆ ಬರೆಯಕೂಡದು. ಬಿಸಿಲೇರುವ ಮೊದಲೇ ಪಾಯವನ್ನು ಅಳೆದು ನಕ್ಷೆಯನ್ನು ಗೀಚಿ ಮುಗಿಸಿದ ಮಕ್ಕಳು "ಅರಮನೆ ಎಲ್ಲಿದೆ?" ಎಂದು ಮತ್ತೆ ಕೇಳುವುದಿಲ್ಲ. ತಾವು ನಿಂತಿರುವುದು ಹಜಾರದಲ್ಲಿಯೋ ಅಡುಗೆಯ ಮನೆಯಲ್ಲಿಯೋ ಎಂಬುದನ್ನು ಅವರೇ ಹೇಳಬಲ್ಲವರಾಗಿರುತ್ತಾರೆ.